ಅಜ್ಜನ ಮನೆ ಕೊಟ್ಟಿಗೆಯಲ್ಲಿರೋ ಜೀಪು ಯಾವುದು: ವಿಲ್ಲೀಸಾ, ಫೋರ್ಡಾ, ಮಹೀಂದ್ರಾನಾ?

ಕೊಪ್ಪದ_ಹೈದ
ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ನಮ್ಮ ಅಜ್ಜನ ಮನೆ. ಕೊಟ್ಟಿಗೆಯಲ್ಲಿ ಒಂದು ಜೀಪು ನಿಂತಿದೆ. ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷ ಆಯ್ತು, ಅಲ್ಲಿಂದೀಚೆ ಯಾರೂ ಸ್ಟಾರ್ಟ್ ಮಾಡಿಲ್ಲ. ಮೇಲೆ ಅಡಿಕೆ ಹಾಳೆ ಪೇರಿಸಿದ್ದಾರೆ, ಹಿಂದಿನ ಸೀಟಲ್ಲಿ ಕೋಳಿ ಕಾವು ಕೂತಿದೆ. ಬಾನೆಟ್ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ 'ವಿಲ್ಲೀಸ್' ಅಂತ ಇಂಗ್ಲಿಷಲ್ಲಿದೆ. ಆರ್.ಸಿ. ಪುಸ್ತಕ ಗೆದ್ದಲಿಗೆ ಹೋಗಿದೆ. ಭಾವ ಅದು ಮಹೀಂದ್ರ ಅಂತಾರೆ. ಚಿಕ್ಕಪ್ಪ, 'ಯುದ್ಧದ ಜೀಪು ಕಣೋ, ಅಮೆರಿಕದ್ದು' ಅಂತ ಬೆಟ್ ಕಟ್ಟಿದ್ದಾರೆ. ಯಾರು ಸರಿ?

ಹತ್ತು_ಹನ್ನೊಂದು_ಪಾನ
ಫೋಟೋ ಹಾಕಿ ಮಾರಾಯ್ರೇ. ಕೋಳಿ ಫೋಟೋ ಬೇಡ, ಎಂಜಿನ್ನಿಂದು.

ಕೊಪ್ಪದ_ಹೈದ
ನಾನಿರೋದು ಬೆಂಗಳೂರಲ್ಲಿ. ಶನಿವಾರ ಊರಿಗೆ ಹೋಗ್ತೀನಿ. ಏನೇನು ನೋಡ್ಬೇಕು ಹೇಳಿ, ಬರ್ಕೊಂಡು ಹೋಗ್ತೀನಿ.

ಹಳೇಕಬ್ಬಿಣ
ಮೊದಲು ಮೂತಿ ನೋಡಿ. ಗ್ರಿಲ್ಲಿನಲ್ಲಿ ಉದ್ದುದ್ದ ಸೀಳುಗಳಿರುತ್ತವಲ್ಲ, ಎಣಿಸಿ. ಒಂಬತ್ತಿದ್ದರೆ ಎರಡನೇ ಮಹಾಯುದ್ಧದ ಕಾಲದ್ದು, ಏಳಿದ್ದರೆ 1945ರ ನಂತರ ಜನರಿಗೆ ಮಾರಿದ ಮಾದರಿ. ಸೀಳಿನ ಬದಲು ಕಬ್ಬಿಣದ ಪಟ್ಟಿಗಳನ್ನು ಬೆಸೆದ ಗ್ರಿಲ್ ಇದ್ದರೆ ನನಗೆ ಆ ಕ್ಷಣವೇ ಫೋನ್ ಮಾಡಿ. ಅದು 1941-42ರ ಮೊದಮೊದಲ ವಿಲ್ಲೀಸ್, ಅಂಥವು ಇಪ್ಪತ್ತೈದು ಸಾವಿರ ಚಿಲ್ಲರೆ ಮಾತ್ರ ಆದದ್ದು. ತಗಡನ್ನು ಒಂದೇ ಏಟಿಗೆ ಒತ್ತಿ ಸೀಳು ತೆಗೆಯುವ ಅಗ್ಗದ ಗ್ರಿಲ್ ಫೋರ್ಡ್‌ನವರ ಬುದ್ಧಿ. ಇವತ್ತು ಜೀಪ್ ಕಂಪನಿ ತನ್ನ ಮುಖ ಅಂತ ಕಾಯ್ದುಕೊಂಡು ಕೋರ್ಟಿಗೂ ಹೋಗುವ ಗ್ರಿಲ್ಲಿನ ಮೂಲ ಪ್ರತಿಸ್ಪರ್ಧಿ ಕಂಪನಿಯದ್ದು ಅನ್ನೋದನ್ನ ಸ್ವಲ್ಪ ಗಮನಿಸಿ.

ಎರಡನೆಯದು, ಬಾನೆಟ್ಟಿನ ಎತ್ತರ. ಯುದ್ಧದ ಜೀಪಿಗೆ ಬಾನೆಟ್ ತಗ್ಗು. ಎತ್ತರವಾಗಿ ಡಬ್ಬಿಯ ಹಾಗಿದ್ದರೆ ಅದು ವಿಲ್ಲೀಸಿನ ಸಿಜೆ-3ಬಿ ('ಸಿಜೆ' ಅಂದರೆ ಸಿವಿಲಿಯನ್ ಜೀಪ್, ಜನರಿಗೆ ಮಾರುವ ಜೀಪು), 1953ರಿಂದ ಬಂದದ್ದು. ಮಹೀಂದ್ರದವರು ಲೈಸೆನ್ಸ್ ಪಡೆದು ದಶಕಗಟ್ಟಲೆ ಮಾಡಿದ್ದು ಇದನ್ನೇ. ನಮ್ಮ ಮಲೆನಾಡಿನಲ್ಲಿ 'ಜೀಪು' ಅಂದರೆ ಕಣ್ಣಿಗೆ ಬರುವ ಆಕಾರವೂ ಇದೇ.

ಟೊಲೆಡೊ_ದಾರಿ
ಮಿಷಿಗನ್ನಿಂದ ನಮಸ್ಕಾರ. ಇಲ್ಲಿಂದ ಒಂದು ಗಂಟೆ ಓಡಿಸಿದರೆ ಟೊಲೆಡೊ ಊರು, ಜೀಪಿನ ತವರು. ಹಳೇ ಕಾರ್ಖಾನೆ ಕೆಡವಿ ಆಯ್ತು. ಇಟ್ಟಿಗೆಯಲ್ಲಿ 'ಓವರ್‌ಲ್ಯಾಂಡ್' ಅಂತ ಬರೆದಿರೋ ಹೊಗೆ ಚಿಮಣಿ ಒಂದನ್ನ ಮಾತ್ರ ಬಿಟ್ಟಿದ್ದಾರೆ. ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಯ ಗುರುತು ಅಂತ ಉಳಿದದ್ದು ಅದು. ಮೊದಲ ಸಲ ಹೋದಾಗ ಅದರ ಕೆಳಗೆ ನಿಂತು ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ಪಿ.ಡಬ್ಲ್ಯೂ.ಡಿ. ಜೀಪಲ್ಲಿ ಇಪ್ಪತ್ತು ವರ್ಷ ಮೈ ಕೈ ನೋಯಿಸಿಕೊಂಡವರು. 'ಅದನ್ನ ನೋಡೋಕೆ ಅಷ್ಟು ದೂರ ಹೋದ್ಯಾ' ಅಂದ್ರು.

ಮಡಿಕೇರಿ_ಮಂಜು
ನಾನು ಮಂಜು ಅಲ್ಲ, ಮಂಜು ಅಂದರೆ ಇಬ್ಬನಿ 🙂 ಪ್ರತಿ ಸಲ ಹೇಳಬೇಕಾಗ್ತದೆ.
ಜೀಪನ್ನು ಹುಟ್ಟಿಸಿದ್ದು ವಿಲ್ಲೀಸ್ ಅಲ್ಲ. ಬ್ಯಾಂಟಮ್. ಟೊಲೆಡೊದವರಿಗೆ ಕೇಳಿಸಲಿ ಅಂತ ಜೋರಾಗಿ ಹೇಳ್ತಾ ಇದ್ದೇನೆ.

ಟೊಲೆಡೊ_ದಾರಿ
ಕೇಳಿಸ್ತು, ಕೇಳಿಸ್ತು. ಇಲ್ಲೂ ಪೆನ್ಸಿಲ್ವೇನಿಯಾದವರು ಸಿಕ್ಕಿದರೆ ಇದೇ ಜಗಳ.

ಹಳೇಕಬ್ಬಿಣ
ಇದನ್ನು ಪೂರ್ತಿ ಹೇಳಬೇಕು, ಯಾಕಂದರೆ ಹೈದನ ಜೀಪಿಗೂ ಇದಕ್ಕೂ ಸಂಬಂಧ ಬರಬಹುದು.

1940ರ ಬೇಸಿಗೆ. ಫ್ರಾನ್ಸ್ ಬಿದ್ದಿದೆ. ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕು, ಅದೂ ನಾಳೆಯೇ ಬೇಕು. 135 ಕಂಪನಿಗಳಿಗೆ ಪತ್ರ ಹೋಯಿತು. ಮೊದಲ ಮಾದರಿ ಕೊಡಲು 49 ದಿನ ಗಡುವು. ಈ ಗಡುವು ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಒಂದೇ. ದಿವಾಳಿ ಅಂಚಿನಲ್ಲಿದ್ದ ಸಣ್ಣ ಕಂಪನಿ, ಕಳೆದುಕೊಳ್ಳಲಿಕ್ಕೆ ಏನೂ ಇರಲಿಲ್ಲ. ಅವರು ಕರೆಸಿದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡು ದಿನದಲ್ಲಿ ನಕ್ಷೆ ಬರೆದುಕೊಟ್ಟ. ಸೆಪ್ಟೆಂಬರ್ 23ರ ಸಂಜೆ, ಗಡುವಿಗೆ ಅರ್ಧ ಗಂಟೆ ಇರುವಾಗ, ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಸೇನಾ ಶಿಬಿರದ ಗೇಟು ದಾಟಿತು.

ಆಮೇಲೆ ಆದದ್ದು ಅನ್ಯಾಯ. ಇಷ್ಟು ಸಣ್ಣ ಕಂಪನಿ ಸಾವಿರಗಟ್ಟಲೆ ಗಾಡಿ ಮಾಡೀತೇ ಅಂತ ಸೈನ್ಯಕ್ಕೆ ಅನುಮಾನ. ಬ್ಯಾಂಟಮ್ ಗಾಡಿಯನ್ನು ವಿಲ್ಲೀಸ್, ಫೋರ್ಡ್ ಎಂಜಿನಿಯರುಗಳು ಬಗ್ಗಿ ಬಗ್ಗಿ ನೋಡಿಕೊಳ್ಳಲು ಬಿಟ್ಟರು, ನಕ್ಷೆಯನ್ನೂ ಕೊಟ್ಟರು. ಮೂವರೂ ಮಾಡಿ ತಂದ ಗಾಡಿಗಳ ಪೈಕಿ ವಿಲ್ಲೀಸಿನದಕ್ಕೆ ಒಂದು ದೊಡ್ಡ ಬಲವಿತ್ತು, ಎಂಜಿನ್. ವಿಲ್ಲೀಸಿನ ಎಂಜಿನಿಯರ್ ಬಾರ್ನಿ ರೂಸ್ ತಿದ್ದಿ ತೀಡಿದ 'ಗೋ ಡೆವಿಲ್', 2.2 ಲೀಟರ್, 60 ಅಶ್ವಶಕ್ತಿ. ಉಳಿದಿಬ್ಬರದೂ ಅದರ ಹತ್ತಿರ ಬರಲಿಲ್ಲ. ತೂಕ ಮಾತ್ರ ಮಿತಿ ಮೀರಿತ್ತು. 2,160 ಪೌಂಡಿನೊಳಗೆ ತರಲು ರೂಸ್ ಬೋಲ್ಟುಗಳ ಉದ್ದ ತುದಿಗಳನ್ನೂ ಕತ್ತರಿಸಿದ. ಕೊನೆಗೆ ಬಣ್ಣದ ತೂಕವನ್ನೂ ಲೆಕ್ಕ ಹಾಕಿದರಂತೆ.

1941ರಲ್ಲಿ 16,000 ಗಾಡಿಗಳ ಗುತ್ತಿಗೆ ವಿಲ್ಲೀಸಿಗೆ. ಅದೂ ಸಾಲದೆ ಅದೇ ನಕ್ಷೆಯಲ್ಲಿ ಫೋರ್ಡ್ ಕೂಡ ಮಾಡಬೇಕು ಎಂದಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷ ನಲವತ್ತು ಸಾವಿರದ ಆಸುಪಾಸು ಜೀಪು ಮಾಡಿದ್ದರು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರವೂ ಮುಟ್ಟಲಿಲ್ಲ. ಅವರಿಗೆ ಕೊನೆಗೆ ಸಿಕ್ಕಿದ ಕೆಲಸ, ಜೀಪಿನ ಹಿಂದೆ ಕಟ್ಟಿ ಎಳೆಯುವ ಟ್ರೈಲರ್.

ಮಡಿಕೇರಿ_ಮಂಜು
ಇನ್ನೊಂದು ಸೇರಿಸಿ. 'ಜೀಪನ್ನು ಸೃಷ್ಟಿಸಿದ್ದು ನಾವು' ಅಂತ ವಿಲ್ಲೀಸ್ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ 1948ರಲ್ಲಿ ಹಾಗೆ ಹೇಳಿಕೊಳ್ಳಬಾರದು ಅಂತ ಆದೇಶ ಮಾಡಿತು. ತಮಾಷೆ ಏನು ಗೊತ್ತಾ, ಎರಡೇ ವರ್ಷಕ್ಕೆ 1950ರಲ್ಲಿ 'ಜೀಪ್' ಟ್ರೇಡ್‌ಮಾರ್ಕ್ ವಿಲ್ಲೀಸ್ ಕೈಗೇ ಹೋಯಿತು. ಹೆತ್ತವರು ನೀವಲ್ಲ, ಹೆಸರು ಮಾತ್ರ ನಿಮ್ಮದೇ ಇರಲಿ ಅಂದ ಹಾಗೆ.

ಸುಮ್ನೆ_ಓದೋಳು
ಸುಮ್ಮನೆ ಓದ್ತಾ ಇದ್ದೆ, ಒಂದು ಪ್ರಶ್ನೆ. ಜೀಪ್ ಅಂದ್ರೆ 'ಜನರಲ್ ಪರ್ಪಸ್' ಅಂತ ಶಾಲೆಯಲ್ಲಿ ಹೇಳ್ಕೊಟ್ಟಿದ್ರು. ಜಿ.ಪಿ., ಜೀಪ್. ನಿಜಾನಾ?

ಹಳೇಕಬ್ಬಿಣ
ಮೇಷ್ಟ್ರಿಗೆ ಬೈಯಬೇಡಿ, ಲೋಕವೆಲ್ಲ ಹಾಗೇ ನಂಬಿದೆ. ಜಿಪಿ ಎಂಬುದು ಫೋರ್ಡ್ ಕಂಪನಿಯ ಒಳಗಿನ ಸಂಕೇತ. 'ಜಿ' ಅಂದರೆ ಸರ್ಕಾರಿ ಗುತ್ತಿಗೆ. 'ಪಿ' ಅಂದರೆ 80 ಅಂಗುಲ ಚಕ್ರಾಂತರದ ಗಾಡಿ. ಆಮೇಲೆ ವಿಲ್ಲೀಸ್ ನಕ್ಷೆಯಲ್ಲಿ ಮಾಡಿದ್ದಕ್ಕೆ 'ಡಬ್ಲ್ಯೂ' ಸೇರಿ ಜಿಪಿಡಬ್ಲ್ಯೂ ಆಯಿತು. ಅದಕ್ಕೂ ಮೊದಲೇ, 1936ರಲ್ಲಿ, ಪಾಪಾಯ್ ವ್ಯಂಗ್ಯಚಿತ್ರಗಳಲ್ಲಿ ಎಲ್ಲಿ ಬೇಕಾದರೂ ನುಗ್ಗುವ ಯೂಜೀನ್ ದ ಜೀಪ್ ಎಂಬ ಪ್ರಾಣಿ ಬಂದಿತ್ತು. ಸೈನಿಕರ ಬಾಯಲ್ಲಿ ಆ ಪದ ಆಡುತ್ತಿತ್ತು. 1941ರ ಫೆಬ್ರವರಿಯಲ್ಲಿ ವಿಲ್ಲೀಸಿನ ಚಾಲಕನೊಬ್ಬ ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲನ್ನು ಗಾಡಿಯಲ್ಲೇ ಹತ್ತಿದ. ವರದಿಗೆ ಬಂದ ಪತ್ರಕರ್ತೆ ಆ ಪದವನ್ನೇ ಅಚ್ಚು ಹಾಕಿಸಿದಳು, ಊರೆಲ್ಲ ಹಬ್ಬಿತು. ಯಾವ ಒಂದು ಮೂಲದಿಂದ ಬಂತು ಅಂತ ಕಡ್ಡಿ ಮುರಿದು ಹೇಳುವವರನ್ನು ನಾನು ನಂಬುವುದಿಲ್ಲ.

ಕೊಲ್ಲೂರ್_ಬಾಡ್ಗೆ
ಹ್ವಾಯ್, ನೀವೆಲ್ಲ ಅಮೆರಿಕದ್ ಕಥೆ ಹೇಳ್ತಾ ಇದ್ರಿ. ನಾನು ಕೊಡಚಾದ್ರಿಗೆ ಹದಿನೇಳು ವರ್ಷ ಜೀಪು ಹೊಡೆದವ. ನಮಗೆ ಬ್ರಾಂಡ್ ಎಂತದೂ ಇಲ್ಲ ಮಾರಾಯ್ರೇ. ಮುಂದೆ ಮಹೀಂದ್ರ ಅಂತ ಇರಲಿ, ಬೇರೆ ಎಂತದಾದ್ರೂ ಇರಲಿ, ಜನ ಬಂದು ಕೇಳೋದು 'ಜೀಪು ಉಂಟಾ?' ಅಂತ. ನನ್ನ ಗಾಡಿಗೆ ಡೀಸೆಲ್ ಎಂಜಿನ್, ಗೇರ್‌ಬಾಕ್ಸ್ ಮತ್ತೊಂದರದ್ದು, ಸೀಟು ಹಳೇ ಬಸ್ಸಿಂದು. ಲೋ ಗೇರಿಗೆ ಹಾಕಿ ಕ್ಲಚ್ ಬಿಟ್ರೆ ಅದರಷ್ಟಕ್ಕೇ ಹತ್ತತದೆ. ಕಲ್ಲು ಬಂದಾಗ ಸ್ಟಿಯರಿಂಗನ್ನ ಗಟ್ಟಿ ಹಿಡ್ಕೊಳ್ಳೋದಲ್ಲ, ಸಡಿಲ ಬಿಡಬೇಕು. ಹೆಬ್ಬೆರಳು ಒಳಗೆ ಹಾಕಿದ್ರೆ ಮುರೀತದೆ. ಇದು ಹೊಸ ಹುಡುಗರಿಗೆ ಮೊದಲ ಪಾಠ.

ಹತ್ತು_ಹನ್ನೊಂದು_ಪಾನ
ಹೆಬ್ಬೆರಳಿನ ಮಾತು ಬಂಗಾರ 👍 ಪವರ್ ಸ್ಟಿಯರಿಂಗ್ ಕಾಲದವರಿಗೆ ಅರ್ಥ ಆಗಲ್ಲ.

ಟೊಲೆಡೊ_ದಾರಿ
'ಬ್ರಾಂಡ್ ಎಂತದೂ ಇಲ್ಲ' ಅನ್ನೋ ಮಾತನ್ನ ಇಲ್ಲಿ ಹೇಳಿದರೆ ಲಾಯರ್ ನೋಟಿಸ್ ಬರುತ್ತೆ. 2018ರಲ್ಲಿ ಮಹೀಂದ್ರದವರು ಮಿಷಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ 'ರಾಕ್ಸರ್' ಅಂತ ಗಾಡಿ ಜೋಡಿಸಿ ಮಾರೋಕೆ ಶುರು ಮಾಡಿದರು. ರಸ್ತೆಗಲ್ಲ, ತೋಟ-ಕಾಡಿಗೆ. ನೋಡಿದರೆ ನಮ್ಮೂರ ಜೀಪೇ. ಕ್ರೈಸ್ಲರ್ ಮುಖ್ಯ ಕಚೇರಿ ಇರೋದೂ ಅದೇ ಆಬರ್ನ್ ಹಿಲ್ಸ್‌ನಲ್ಲಿ! ಜೀಪಿನ ಒಡೆಯರು ಸುಮ್ಮನಿರ್ತಾರಾ? ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಹೋಯ್ತು. 2020ರಲ್ಲಿ ಆಯೋಗ, ಇದು ಜೀಪಿನ ಚಹರೆಯನ್ನ ಹೋಲುತ್ತೆ, ತರಬೇಡಿ ಅಂತು. ಮಹೀಂದ್ರ ಮೂತಿ ಬದಲಿಸಿದ ಮೇಲೆ ಆಯೋಗ ದಾರಿ ಬಿಟ್ಟಿತು. ವಿಲ್ಲೀಸಿಂದಲೇ ಲೈಸೆನ್ಸ್ ತಗೊಂಡು ಕಲಿತ ಆಕಾರ ಅದು.

ಮಡಿಕೇರಿ_ಮಂಜು
'ಜೀಪಿನ ಒಡೆಯರು' ಅಂದರೆ ಯಾವ ಒಡೆಯರು? ಲೆಕ್ಕ ಹಾಕಿ. ವಿಲ್ಲೀಸನ್ನು 1953ರಲ್ಲಿ ಕೈಸರ್ ಕೊಂಡರು. 1970ರಲ್ಲಿ ಅಮೆರಿಕನ್ ಮೋಟಾರ್ಸ್. 1987ರಲ್ಲಿ ಕ್ರೈಸ್ಲರ್. 1998ರಲ್ಲಿ ಜರ್ಮನಿಯ ಡೈಮ್ಲರ್ ಜೊತೆ ಮದುವೆ, 2007ರಲ್ಲಿ ವಿಚ್ಛೇದನ. 2009ರಲ್ಲಿ ದಿವಾಳಿ, ಇಟಲಿಯ ಫಿಯೆಟ್ ಬಂದು ಎತ್ತಿಕೊಂಡಿತು. 2021ರಿಂದ ಸ್ಟೆಲಾಂಟಿಸ್, ಅದರಲ್ಲಿ ಫ್ರೆಂಚರೂ ಇದ್ದಾರೆ. ಮನೆಗೆ ತಂದವರೆಲ್ಲ ಮುಳುಗಿದರು, ಜೀಪು ಮಾತ್ರ ಉಳೀತು. ನಮ್ಮಲ್ಲಿ ಇಂಥ ಎತ್ತಿಗೆ ಸುಳಿ ಸರಿ ಇಲ್ಲ ಅಂತಾರೆ.

ಟೊಲೆಡೊ_ದಾರಿ
ಸುಳಿ ಮಾತು ಚೆನ್ನಾಗಿದೆ, ಆದರೆ ತಿರುಗಿಸಿ ನೋಡಿ. ಕೈಸರ್ ಅವರ ಸ್ವಂತ ಕಾರುಗಳು ಅಮೆರಿಕದಲ್ಲಿ ನೆಲ ಕಚ್ಚಿದವು, ಮನೆ ನಡೆಸಿದ್ದು ಜೀಪು. ಅಮೆರಿಕನ್ ಮೋಟಾರ್ಸ್ ಸೊರಗಿದಾಗ ಬಾಯಿಗೆ ಅನ್ನ ಹಾಕಿದ್ದು ಜೀಪು. ಕ್ರೈಸ್ಲರ್ ಮುಖ್ಯಸ್ಥ ಐಯಕೋಕಾ ಅಮೆರಿಕನ್ ಮೋಟಾರ್ಸನ್ನ ಕೊಂಡದ್ದರ ದೊಡ್ಡ ಆಸೆಯೇ ಜೀಪು. ಎತ್ತು ಕೆಟ್ಟದ್ದಲ್ಲ, ಹೊಲ ಬರಡು.

ನನ್ನ ಮೊದಲ ಕಾರೇ ಜೀಪ್ ಚೆರೋಕಿ, ಎರಡು ಸಾವಿರ ಡಾಲರಿಗೆ ತಗೊಂಡ ಸೆಕೆಂಡ್ ಹ್ಯಾಂಡ್. 1984ರಲ್ಲಿ ಬಂದ ಚೌಕ ಡಬ್ಬಿ ಮಾದರಿ. ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆಗಿನ ಕಾಲಕ್ಕೆ ಇಂಥ ಗಾಡಿಯಲ್ಲಿ ಅದು ಹೊಸತು. ಸಾಲಾಗಿ ಆರು ಸಿಲಿಂಡರಿನ ನಾಲ್ಕು ಲೀಟರ್ ಎಂಜಿನ್. ಮಾರೋ ಹೊತ್ತಿಗೆ ಎರಡೂಕಾಲು ಲಕ್ಷ ಮೈಲಿ ಆಗಿತ್ತು. ಕೊಂಡವನು ಇನ್ನೂ ಓಡಿಸ್ತಿದ್ದಾನೆ, ಎದುರು ಸಿಕ್ಕಿದರೆ ಕೈ ಬೀಸ್ತಾನೆ.

ಈಗ ಇರೋದು 2004ರ ಜೀಪ್ ರ‍್ಯಾಂಗ್ಲರ್. ಬಟ್ಟೆ ಟಾಪು. ಮೊದಲ ಚಳಿಗಾಲದಲ್ಲಿ ನನ್ನದೇ ದಡ್ಡತನ: ಮೈನಸ್ ಹದಿನೈದರಲ್ಲಿ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಡಚೋಕೆ ಹೋದೆ, ಹಪ್ಪಳದ ಹಾಗೆ ಮುರೀತು. ಅಮ್ಮ ಮೈಸೂರಿಂದ ಬಂದಿದ್ದರು. ಸೀರೆ ಉಟ್ಟು ಹತ್ತೋಕೆ ಅಡುಗೆಮನೆ ಸ್ಟೂಲು ತಂದು ಹಾಕಿದೆ. ಕೂತವರೇ, 'ಕೈ ತುಂಬ ಸಂಬಳ ಅಂತೀಯ, ಪೊಲೀಸ್ ಜೀಪು ತಗೊಂಡಿದ್ಯಲ್ಲೋ' ಅಂದ್ರು.

ಸುಮ್ನೆ_ಓದೋಳು
😂😂 ಅಮ್ಮ ಗೆದ್ರು.
ಜೀಪಿನವರು ಎದುರು ಸಿಕ್ಕ ಜೀಪಿನವರಿಗೆಲ್ಲ ಕೈ ಬೀಸೋದು ನಿಜಾನಾ? ಪರಿಚಯ ಇಲ್ದಿದ್ರೂ?

ಟೊಲೆಡೊ_ದಾರಿ
ನಿಜ. ಸ್ಟಿಯರಿಂಗ್ ಮೇಲಿಂದ ನಾಲ್ಕು ಬೆರಳು ಎತ್ತಿದರೆ ಸಾಕು. 2020ರಿಂದೀಚೆ ಇನ್ನೊಂದು ಹುಚ್ಚು, ಪಾರ್ಕಿಂಗಲ್ಲಿ ಚೆಂದದ ಜೀಪು ಕಂಡರೆ ಬಾಗಿಲ ಹಿಡಿ ಮೇಲೆ ರಬ್ಬರ್ ಬಾತುಕೋಳಿ ಇಟ್ಟು ಹೋಗೋದು. ನನ್ನ ಡ್ಯಾಶ್‌ಬೋರ್ಡ್ ಮೇಲೆ ಹನ್ನೊಂದಿವೆ. ಚದರ ಹೆಡ್‌ಲೈಟಿನ ರ‍್ಯಾಂಗ್ಲರ್ ಇದ್ದವರಿಗೆ ಮಾತ್ರ ಕೆಲವರು ಕೈ ಬೀಸಲ್ಲ. 1986ರಲ್ಲಿ ಸಿಜೆ ನಿಲ್ಲಿಸಿ ಚೌಕ ಕಣ್ಣಿನ ಗಾಡಿ ತಂದದ್ದನ್ನ ಹಳಬರು ಇನ್ನೂ ಕ್ಷಮಿಸಿಲ್ಲ. ಹತ್ತು ವರ್ಷಕ್ಕೆ ದುಂಡು ಕಣ್ಣು ವಾಪಸ್ ಬಂತು.

ಹಳೇಕಬ್ಬಿಣ
ಸಿಜೆ ಹೋಗಲು ಕಣ್ಣಿನ ಆಕಾರ ಕಾರಣವಲ್ಲ. 1980ರ ಡಿಸೆಂಬರಿನಲ್ಲಿ ಸಿ.ಬಿ.ಎಸ್. ವಾಹಿನಿ ಸಿಜೆ-5 ತಿರುವಿನಲ್ಲಿ ಮಗುಚುವುದನ್ನು ತೋರಿಸಿತ್ತು. ಆ ಪರೀಕ್ಷೆ ನಡೆಸಿದ ರೀತಿಯ ಮೇಲೆ ಆಮೇಲೆ ಪ್ರಶ್ನೆಗಳು ಎದ್ದವು. ಆದರೂ ಕಿರಿದಾದ, ಎತ್ತರದ ಗಾಡಿಯನ್ನು ಟಾರು ರಸ್ತೆಯಲ್ಲಿ ಕಾರಿನಂತೆ ತಿರುಗಿಸಬಾರದು ಎಂಬುದು ಸುಳ್ಳಲ್ಲ. ಘಾಟಿಯಲ್ಲಿ ಓಡಿಸುವವರು ಕಿವಿಗೆ ಹಾಕಿಕೊಳ್ಳಿ.

ಕೊಲ್ಲೂರ್_ಬಾಡ್ಗೆ
ಘಾಟಿಯಲ್ಲಿ ನಮ್ಮದು ಮೂವತ್ತು ದಾಟಿದ್ರೆ ತಾನೆ ಮಗುಚೋದು.

ಕೊಪ್ಪದ_ಹೈದ
ವಾಪಸ್ ಬಂದೆ. ಗಲಿಬಿಲಿ ಜಾಸ್ತಿ ಆಗಿದೆ.
ಸೀಳು ಎಣಿಸಿದೆ, ಏಳು. ಬಾನೆಟ್ ಎತ್ತರದ್ದೇ, ಡಬ್ಬಿ ಹಾಗೆ. ಭಾವ 'ನಾ ಹೇಳ್ಲಿಲ್ವಾ ಮಹೀಂದ್ರ ಅಂತ' ಅಂದು ಆಗಲೇ ಬೆಟ್ಟಿನ ದುಡ್ಡು ಕೇಳಿದರು. ಬಾನೆಟ್ ಎತ್ತಿ ನೋಡಿದರೆ ಒಳಗೆ ಎಂಜಿನ್ ಎಲ್ಲೋ ತಳದಲ್ಲಿದೆ. ಮೇಲೆ ಒಂದು ಗೇಣು ಜಾಗ ಖಾಲಿ, ಅದರಲ್ಲೂ ಇಲಿ ಗೂಡು. ಇಷ್ಟು ಖಾಲಿ ಬಿಡೋಕೆ ಬಾನೆಟ್ ಯಾಕೆ ಎತ್ತರ ಮಾಡಿದ್ರು?

ಹತ್ತು_ಹನ್ನೊಂದು_ಪಾನ
ತಡೀರಿ ತಡೀರಿ. ಎಂಜಿನ್ ತಲೆ ಹೇಗಿದೆ? ಉದ್ದಕ್ಕೆ ತಗಡಿನ ವಾಲ್ವ್ ಕವರ್ ಇದೆಯಾ, ಅಥವಾ ಕಾವಲಿ ಹಾಗೆ ಚಪ್ಪಟೆಯಾಗಿದ್ದು ನಾಲ್ಕು ಪ್ಲಗ್ಗೂ ನೆಟ್ಟಗೆ ನಿಂತಿವೆಯಾ?

ಕೊಪ್ಪದ_ಹೈದ
ಕಾವಲಿ. ಪ್ಲಗ್ ನೆಟ್ಟಗೆ ನಿಂತಿವೆ, ನಾಲ್ಕು ಸಾಲಾಗಿ.

ಹತ್ತು_ಹನ್ನೊಂದು_ಪಾನ
ಭಾವನಿಗೆ ದುಡ್ಡು ಕೊಡಬೇಡಿ!
ಸಿಜೆ-3ಬಿಗೆ ಬರೋದು ಹರಿಕೇನ್ ಎಂಜಿನ್. ಅದರಲ್ಲಿ ಗಾಳಿ-ಪೆಟ್ರೋಲ್ ಎಳೆಯೋ ವಾಲ್ವು ತಲೆಯಲ್ಲಿ, ಹೊಗೆ ಬಿಡೋ ವಾಲ್ವು ಕೆಳಗೆ ಬ್ಲಾಕಲ್ಲಿ. ಆ ತಲೆ ಎತ್ತರ ಆಯ್ತು ಅಂತಾನೇ ಬಾನೆಟ್ ಎತ್ತರಿಸಿದ್ದು. ನಿಮ್ಮದರಲ್ಲಿ ಇರೋದು ಅದರ ಅಪ್ಪ, ಗೋ ಡೆವಿಲ್. ಎರಡೂ ವಾಲ್ವು ಕೆಳಗೇ. ಅಂದ್ರೆ ಮಗನ ಅಂಗಿ ಅಪ್ಪನಿಗೆ ಹಾಕಿದ್ದಾರೆ.

ಹಳೇಕಬ್ಬಿಣ
ಹೌದು. ಇನ್ನು ಚಾಸಿ ನೋಡಲೇಬೇಕು. ರೇಡಿಯೇಟರ್ ಕೆಳಗೆ ಎರಡು ಉದ್ದ ದಂಡಗಳನ್ನು ಸೇರಿಸುವ ಅಡ್ಡಪಟ್ಟಿ ಇರುತ್ತದೆ. ದುಂಡು ಪೈಪಾಗಿದ್ದರೆ ಯುದ್ಧಕಾಲದ ವಿಲ್ಲೀಸ್. ದೋಣಿ ಕವುಚಿ ಹಾಕಿದ ಹಾಗೆ ಚೌಕ ತೊಟ್ಟಿಯಾಗಿದ್ದರೆ ಫೋರ್ಡ್. ಬೋಲ್ಟಿನ ತಲೆಗಳನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ನೋಡಿ. ಫೋರ್ಡ್‌ನವರು ಸಾಧ್ಯವಾದ ಬೋಲ್ಟಿಗೆಲ್ಲ 'ಎಫ್' ಅಂತ ಒತ್ತುತ್ತಿದ್ದರು. ವಿಲ್ಲೀಸ್ ನಕ್ಷೆಯಲ್ಲಿ ಮಾಡುವ ಹೊಟ್ಟೆಕಿಚ್ಚೋ ಏನೋ.
ಎಡಗಡೆ ದಂಡದಲ್ಲಿ ಸ್ಟಿಯರಿಂಗ್ ಕೂರಿಸಿದ್ದ ಗುರುತು ಇದೆಯಾ ಅಂತಲೂ ನೋಡಿ. ಯುದ್ಧದ ಜೀಪುಗಳೆಲ್ಲ ಎಡ ಸ್ಟಿಯರಿಂಗ್.

ಕೊಪ್ಪದ_ಹೈದ
ನಮ್ಮದು ಬಲ ಸ್ಟಿಯರಿಂಗ್. ಚಿಕ್ಕಪ್ಪನಿಗೆ ಫೋನ್ ಮಾಡಿ ಟಾರ್ಚ್ ಹಿಡ್ಕೊಂಡು ಕೆಳಗೆ ಮಲಗಿ ಅಂದಿದ್ದೀನಿ. ಎಪ್ಪತ್ತೆರಡು ವರ್ಷ ಅವರಿಗೆ. ಬೆಟ್ಟಿನ ವಿಷಯ ಆದ್ದರಿಂದ ಮಲಗ್ತಾರೆ.

ಕೊಪ್ಪದ_ಹೈದ
ಮಲಗಿದರು. ಅಡ್ಡಪಟ್ಟಿ ಚೌಕ ತೊಟ್ಟಿ. ಎಡಗಡೆ ದಂಡದಲ್ಲಿ ಮುಂದೆ ಖಾಲಿ ತೂತುಗಳಿವೆ, ಏನೋ ಬಿಚ್ಚಿ ತೆಗೆದ ಹಾಗೆ. ಬೋಲ್ಟ್ ಒಂದನ್ನು ಒರೆಸಿದರೆ 'ಎಫ್'. ಪಕ್ಕದ್ದನ್ನ ಒರೆಸಿದರೆ ಅದೂ 'ಎಫ್'. ಚಿಕ್ಕಪ್ಪ ಫೋನಲ್ಲೇ ಕೂಗಿದ್ದು ಕೊಪ್ಪ ಪೇಟೆಗೆ ಕೇಳಿರಬೇಕು.

ಟೊಲೆಡೊ_ದಾರಿ
ಅಯ್ಯೋ ದೇವರೇ. ಜಿಪಿಡಬ್ಲ್ಯೂ! ಬ್ಯಾಂಟಮ್ ಯೋಚನೆ, ವಿಲ್ಲೀಸ್ ನಕ್ಷೆ, ಫೋರ್ಡ್ ಚಾಸಿ, ಮಹೀಂದ್ರ ಬಾಡಿ. ಕೋಳಿ ಮಾತ್ರ ಕೊಪ್ಪದ್ದು.

ಮಡಿಕೇರಿ_ಮಂಜು
ಯುದ್ಧ ಮುಗಿದ ಮೇಲೆ ಸೈನ್ಯದ ಡಿಸ್ಪೋಸಲ್ ಹರಾಜಿನಲ್ಲಿ ಬಂದ ಗಾಡಿಗಳನ್ನು ನಮ್ಮ ಕಡೆ ತೋಟದವರು ಎಷ್ಟೋ ಜನ ಕೊಂಡರು. ನಮ್ಮ ತಾತನ ಹತ್ತಿರವೂ ಇತ್ತು. ಕಾಫಿ ಮೂಟೆ, ಆಳುಗಳು, ಬಾಣಂತಿ, ಹೆಣ, ಎಲ್ಲ ಅದರಲ್ಲೇ. ಆದರೆ ಬಾಡಿ ಯಾಕೆ ಬದಲಿಸಿದರು ಅನ್ನೋದು ಕೇಳಿ ನೋಡಿ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರಾ?

ಕೊಪ್ಪದ_ಹೈದ
ಅಜ್ಜಿ ಇದ್ದಾರೆ, ತೊಂಬತ್ತೊಂದು. ಕೇಳಿದೆ. ಹೇಳಿದ್ದನ್ನ ಹಾಗೇ ಬರೀತೀನಿ: 'ನಾನು ಮದುವೆಯಾಗಿ ಬರುವಾಗಲೇ ಇತ್ತು. ಸ್ಟಿಯರಿಂಗು ಆ ಬದಿಗಿತ್ತು, ನಾನು ಕೂತ್ರೆ ಎದುರಿನ ಲಾರಿ ಎಲ್ಲ ನನ್ನ ಮೇಲೇ ಬಂದ ಹಾಗೆ ಆಗ್ತಿತ್ತು. ಆಮೇಲೆ ನೆಲ ತುಕ್ಕು ಹಿಡಿದು ನಿಮ್ಮ ಅಪ್ಪನ ಕಾಲು ತೂತಲ್ಲಿ ಇಳೀತು. ಅಜ್ಜ ಶಿವಮೊಗ್ಗದಿಂದ ಎಲ್ಲೋ ಬಿದ್ದ ಜೀಪಿನ ಮೈ ತಂದು ಕೂರಿಸಿದ್ರು.' ಅಷ್ಟೇ.

ಹಳೇಕಬ್ಬಿಣ
ಅಜ್ಜಿಯ ಮಾತು ಯಾವ ಆರ್.ಸಿ. ಪುಸ್ತಕಕ್ಕಿಂತ ಕಡಿಮೆ ಇಲ್ಲ. ಮಲೆನಾಡಿನ ಮಳೆಯಲ್ಲಿ ತಗಡು ಮೊದಲು ಹೋಗುತ್ತದೆ, ದಪ್ಪ ಚಾಸಿ ಉಳಿಯುತ್ತದೆ.

ಒಂದು ಎಚ್ಚರಿಕೆ. ವಿಂಟೇಜ್ ಅಂತ ನೋಂದಾಯಿಸುವ ಆಸೆ ಇದ್ದರೆ 2021ರ ಕೇಂದ್ರ ನಿಯಮ ಓದಿ. ಐವತ್ತು ವರ್ಷ ದಾಟಿರಬೇಕು, ಅದು ಸರಿ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಎಂಬ ಷರತ್ತೂ ಇದೆ. ನಿಮ್ಮದು ಅದಕ್ಕೆ ಒಗ್ಗುವುದು ಕಷ್ಟ. ಹೊಸ ನೋಂದಣಿಗೆ ಶುಲ್ಕ ಇಪ್ಪತ್ತು ಸಾವಿರ, ದುಡ್ಡು ಕಟ್ಟುವ ಮೊದಲು ವಿಚಾರಿಸಿ.

ಹತ್ತು_ಹನ್ನೊಂದು_ಪಾನ
ಈಗಲೇ ಸೆಲ್ಫ್ ಹೊಡೀಬೇಡಿ. ಹದಿನಾಲ್ಕು ವರ್ಷ ನಿಂತ ಎಂಜಿನ್. ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನ ತಿರುಗಿಸಿ. ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿದೆ, ಹಳೇ ಪೆಟ್ರೋಲ್ ಪೂರ್ತಿ ಬಸಿಯಿರಿ. ಬ್ಯಾಟರಿ ಹಾಕೋ ಮುಂಚೆ ಆರು ವೋಲ್ಟಾ ಹನ್ನೆರಡಾ ನೋಡ್ಕೊಳ್ಳಿ, ಇಲ್ಲಾಂದ್ರೆ ಬಲ್ಬೆಲ್ಲ ಢಂ. ಬಾಡಿ ಕೆಲಸ ಆಮೇಲೆ. ಮೊದಲು ಬಣ್ಣ ಹೊಡೆಸಿ ಆಮೇಲೆ ಬ್ರೇಕ್ ನೋಡೋ ಗ್ಯಾರೇಜಿಗೆ ಮಾತ್ರ ಕೊಡಬೇಡಿ. ನನ್ನ ಒಂದು ಗಾಡಿ ಹಾಗೇ ಹಾಳಾಯ್ತು.

ಕೊಲ್ಲೂರ್_ಬಾಡ್ಗೆ
ಮಾರೋದಾದ್ರೆ ಹೇಳಿ. ಚಾಸಿಗೆ ಒಳ್ಳೇ ರೇಟ್ ಕೊಡ್ತೆ.

ಟೊಲೆಡೊ_ದಾರಿ
ಇವರಿಗೆ ಕೊಡಬೇಡಿ, ಬಸ್ಸಿನ ಸೀಟು ಹಾಕ್ತಾರೆ. ನಾನು ಡಿಸೆಂಬರಲ್ಲಿ ಬರ್ತಿದ್ದೀನಿ, ಒಂದು ಸಲ ನೋಡೋಕಾದ್ರೂ ಬಿಡಿ. ಫೋರ್ಡಿನ ಹಳೇ ಬೋಲ್ಟ್ ಏನಾದರೂ ಬೇಕಿದ್ದರೆ ಇಲ್ಲಿಂದ ತರ್ತೀನಿ.

ಕೊಪ್ಪದ_ಹೈದ
ಖಂಡಿತ ಬನ್ನಿ ಸಾರ್, ಮನೆಯಲ್ಲೇ ಊಟ. ಮಾರೋ ವಿಷಯ ಅಜ್ಜಿ ಹತ್ರ ಎತ್ತಿದೆ. 'ಮೊದಲು ಕೋಳಿ ಮರಿ ಮಾಡ್ಲಿ, ಅಲ್ಲೀವರೆಗೆ ಯಾರೂ ಮುಟ್ಟಬೇಡಿ' ಅಂದ್ರು. ಎಣ್ಣೆ ಬಿಡೋದೂ ಅದಾದ ಮೇಲೇ. ಇನ್ನು ಹನ್ನೆರಡು ದಿನ.